ಇಂಚಿನ ಮಳೆಯನ್ನು ಮಿಲಿಮೀಟರಿಗೆ ತರಲು ಆರ್ ಭಾಷೆಯ ಮೂರು ದಾರಿಗಳು

ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಡುವ ರೂಢಿಯಿದೆ; ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ. ಅಂಥ ಒಂದು ಪುಸ್ತಕದಿಂದ ನಾನು ಟೈಪ್ ಮಾಡಿಕೊಂಡ ಕೋಷ್ಟಕದಲ್ಲಿ ವರ್ಷ, ಷರಾ ಮತ್ತು ಹನ್ನೆರಡು ತಿಂಗಳು ಸೇರಿ 14 ಕಾಲಮ್‌ಗಳಿದ್ದವು. ಷರಾ ಕಾಲಮನ್ನು ಕೈಬಿಟ್ಟು, ತಿಂಗಳುಗಳ ಮೊಟಕು ಹೆಸರುಗಳನ್ನು ಪೂರ್ಣಗೊಳಿಸಿ, ಪ್ರತಿ ಅಂಕಿಯನ್ನು 25.4ರಿಂದ ಗುಣಿಸುವ ಕೆಲಸವನ್ನು ಅಂಕಿಅಂಶಗಳ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಆರ್‌ನ ಮೂಲ ಸೌಲಭ್ಯ, ಅದಕ್ಕೆ ಸೇರಿಸಿಕೊಳ್ಳುವ ಪ್ಯಾಕೇಜ್‌ಗಳಾದ ಡಿಪ್ಲೈಆರ್ (dplyr) ಮತ್ತು ಡೇಟಾ ಟೇಬಲ್ (data.table) ಈ ಮೂರರಲ್ಲೂ ಮಾಡಿ ನೋಡಿದೆ.

ಮೂಲ ಸೌಲಭ್ಯಕ್ಕೆ ಯಾವ ಪ್ಯಾಕೇಜೂ ಬೇಡ. ಆದರೆ ಚೌಕ ಆವರಣದಲ್ಲಿ ಅಲ್ಪವಿರಾಮದ ನಂತರ ಒಂದೇ ಕಾಲಮ್ ಹೆಸರಿಸಿದರೆ ಕೋಷ್ಟಕ ಹೋಗಿ ಬರಿಯ ವೆಕ್ಟರ್, ಅಂದರೆ ಮೌಲ್ಯಗಳ ಒಂದು ಸಾಲು, ಕೈಗೆ ಬರುತ್ತದೆ. ಅದನ್ನು ತಡೆಯಲು ಡ್ರಾಪ್ ಎಂಬುದಕ್ಕೆ ಫಾಲ್ಸ್ ಎಂದು ಬರೆಯುವುದನ್ನು ನಾನು ಪ್ರತಿ ಸಲವೂ ಮರೆಯುತ್ತೇನೆ.

ಡಿಪ್ಲೈಆರ್‌ನ ಸೆಲೆಕ್ಟ್, ರಿನೇಮ್, ಮ್ಯುಟೇಟ್ ಎಂಬ ಕ್ರಿಯಾಪದಗಳು ಓದಿದೊಡನೆ ಅರ್ಥವಾಗುತ್ತವೆ. 2020ರ 1.0.0 ಆವೃತ್ತಿಯಲ್ಲಿ ಬಂದ, ಹಲವು ಕಾಲಮ್‌ಗಳಿಗೆ ಒಂದೇ ಕೆಲಸ ಮಾಡುವ ಅಕ್ರಾಸ್‌ನಿಂದ ಜನವರಿಯಿಂದ ಡಿಸೆಂಬರ್‌ವರೆಗಿನ ಗುಣಾಕಾರ ಒಂದೇ ಸಾಲಿನಲ್ಲಿ ಮುಗಿಯಿತು. ರಿನೇಮ್‌ನಲ್ಲಿ ಹೊಸ ಹೆಸರು ಎಡಕ್ಕೆ, ಹಳೆಯದು ಬಲಕ್ಕೆ. ಡೇಟಾ ಟೇಬಲ್‌ನ ಸೆಟ್‌ನೇಮ್ಸ್‌ನಲ್ಲಿ ಹಳೆಯದು ಮೊದಲು. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಎಡವಿದೆ, ಆದರೆ ಅಂಥ ಕಾಲಮ್ ಇಲ್ಲವೆಂದು ಎರಡೂ ಕೂಡಲೇ ಗದರಿಸುವುದರಿಂದ ಹಾನಿಯಾಗಲಿಲ್ಲ. ಮಾಸ್ (MASS) ಎಂಬ ಇನ್ನೊಂದು ಪ್ಯಾಕೇಜನ್ನು ಆಮೇಲೆ ತೆರೆದಾಗ ಅದರ ಸೆಲೆಕ್ಟ್ ಡಿಪ್ಲೈಆರ್‌ನ ಸೆಲೆಕ್ಟನ್ನು ಮರೆಮಾಡಿದ್ದು ಮಾತ್ರ ಅರ್ಧ ಗಂಟೆ ನುಂಗಿತು.

ನಿಜವಾದ ಪೆಟ್ಟು ಬಿದ್ದದ್ದು ಡೇಟಾ ಟೇಬಲ್‌ನಲ್ಲಿ. ಅದರ 'ವಿವರಣಚಿಹ್ನೆ-ಸಮ' (:=) ಗುರುತು ನಕಲು ಮಾಡದೆ, ಇದ್ದ ಜಾಗದಲ್ಲೇ ಕಾಲಮನ್ನು ತಿದ್ದುತ್ತದೆ. ದೊಡ್ಡ ಕೋಷ್ಟಕಗಳಿಗೆ ಅದೇ ಅದರ ಬಲ. ಅದೇ ಸಾಲನ್ನು ನಾನು ಅರಿಯದೆ ಎರಡು ಸಲ ಓಡಿಸಿದ್ದರಿಂದ 40 ಇಂಚಿನ ಜುಲೈ ಮಳೆ ಮೊದಲು 1016 ಮಿಲಿಮೀಟರ್ ಆಗಿ, ಆಮೇಲೆ ಸದ್ದಿಲ್ಲದೆ 25806.4 ಆಯಿತು. ಮೂಲ ಉಳಿದಿರಬೇಕೆಂದು ಕೋಷ್ಟಕಕ್ಕೆ ಇನ್ನೊಂದು ಹೆಸರು ಕೊಟ್ಟಿದ್ದೆ. ನಕಲು ಮಾಡುವ ಕಾಪಿ ಎಂಬ ಆಜ್ಞೆಯನ್ನು ಕರೆಯದ ಕಾರಣ ಎರಡು ಹೆಸರೂ ಒಂದೇ ಕೋಷ್ಟಕವನ್ನು ತೋರಿಸುತ್ತಿದ್ದವು.

ಡಿಪ್ಲೈಆರ್‌ನಲ್ಲೂ ಫಲಿತಾಂಶವನ್ನು ಹಳೆಯ ಹೆಸರಿಗೇ ಕೊಟ್ಟರೆ ಇದೇ ಗತಿಯೆಂಬುದು ನಿಜ, ಆದರೆ ಅಲ್ಲಿ ಆ ತಪ್ಪನ್ನು ಕೈಯಾರೆ ಬರೆಯಬೇಕಾಗುತ್ತದೆ. ಕೆಲವು ದಶಕಗಳ ಮಳೆಗೆ ವೇಗ ಮುಖ್ಯವಲ್ಲವಾದ್ದರಿಂದ ಡಿಪ್ಲೈಆರನ್ನೇ ಉಳಿಸಿಕೊಂಡೆ. ಈಗ ಅಕ್ರಾಸ್‌ನ ನೇಮ್ಸ್ ಎಂಬಲ್ಲಿ ಹೆಸರಿನ ಕೊನೆಗೆ 'ಮಿಮೀ' ಸೇರಿಸಿ ಹೊಸ ಕಾಲಮ್‌ಗಳನ್ನೇ ಮಾಡುತ್ತೇನೆ. ಇಂಚಿನವು ಪಕ್ಕದಲ್ಲಿ ಹಾಗೆಯೇ ಇರುತ್ತವೆ, ಸಾಲನ್ನು ಎಷ್ಟು ಸಲ ಓಡಿಸಿದರೂ ಜುಲೈ 1016 ದಾಟುವುದಿಲ್ಲ.