ಅಕಿಲಿಸ್ ನೋವಿಗೆ ಹೀಲ್ ಪ್ಯಾಡ್: ಕೊಳ್ಳುವ ಮುಂಚೆ ಹೆಬ್ಬೆರಳಲ್ಲಿ ಒತ್ತಿ ನೋಡಿ

ಹಿಮ್ಮಡಿ ನೋವು ಅಂದರೆ ಸಾಕು, ಚಿಕ್ಕಮಗಳೂರಿನ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದು ಸಿಲಿಕಾನ್ ಹೀಲ್ ಪ್ಯಾಡ್. ಅಂಗಾಲಿನ ನೋವಿಗೆ ಅದು ಸರಿ. ಹಿಮ್ಮಡಿಯ ಹಿಂಬದಿ, ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ನರದಂಥ ಹುರಿ) ಮೂಳೆಗೆ ಅಂಟುವ ಜಾಗದಲ್ಲಿ ನೋವಿದ್ದರೆ ಮೆತ್ತಗಿದ್ದರಷ್ಟೇ ಸಾಲದು, ಎತ್ತರ ಬೇಕು. ಕಾಫಿ ತೋಟದ ಏರು ಹತ್ತುವಾಗ ಪಾದ ಮೇಲಕ್ಕೆ ಬಾಗಿ ಟೆಂಡನ್ ಹಿಮ್ಮಡಿ ಮೂಳೆಗೆ ಒತ್ತುತ್ತದೆ. ಹಿಮ್ಮಡಿಯನ್ನು ಸುಮಾರು 1 ಸೆಂ.ಮೀ. ಎತ್ತಿದರೆ ಆ ಒತ್ತಡ ತಗ್ಗುತ್ತದೆ.

ಅಂಗಡಿಯಲ್ಲೇ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಪೂರ್ತಿ ಚಪ್ಪಟೆಯಾಗುವ ಜೆಲ್ ಮೈಭಾರಕ್ಕೂ ಹಾಗೇ ಆಗುತ್ತದೆ. ಕೊಟ್ಟ ದುಡ್ಡು ದಂಡ. ಗಟ್ಟಿ ಇವಿಎ ಫೋಮಿನ (ಚಪ್ಪಲಿ, ಶೂ ಸೋಲಿಗೆ ಬಳಸುವಂಥದ್ದು), ಹಿಂದೆ ದಪ್ಪ ಮುಂದೆ ತೆಳುವಾದ ಹೀಲ್ ಲಿಫ್ಟೇ ನಮ್ಮ ಆಯ್ಕೆ. ನೋವು ಒಂದೇ ಕಾಲಿಗಿದ್ದರೂ ಎರಡಕ್ಕೂ ಹಾಕಿ, ಇಲ್ಲವಾದರೆ ಸೊಂಟ ವಾಲುತ್ತದೆ. ಗಂಬೂಟಿನಲ್ಲಿ ಇದು ಮುಂದಕ್ಕೆ ಜಾರುವುದು ದೊಡ್ಡ ತಲೆನೋವು: ಒಳಗಿನ ಸೋಲ್ ಹೊರತೆಗೆದು, ಒರೆಸಿ ಒಣಗಿಸಿ, ಅದರ ಅಡಿಗೆ ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿ. ಶೂ ಹಾಕುವವರು ಹಿಂಬದಿಯ ಅಂಚು ನೋಡಿಕೊಳ್ಳಿ. ಹಿಮ್ಮಡಿ ಮೇಲೆದ್ದಾಗ ಗಟ್ಟಿ ಅಂಚು ನೋವಿನ ಜಾಗಕ್ಕೇ ಉಜ್ಜುತ್ತದೆ.

ಪ್ಯಾಡು ನೋವು ತಡೆದೀತು, ಟೆಂಡನ್‌ಗೆ ಬಲ ಕೊಡದು. ಅದಕ್ಕೆ ವ್ಯಾಯಾಮವೇ ಆಗಬೇಕು. 1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್‌ಸನ್ ತಂಡ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ: ನೋವಿಲ್ಲದ ಕಾಲಿನ ಬಲದಲ್ಲಿ ತುದಿಗಾಲೆತ್ತಿ, ನೋವಿನ ಕಾಲಿನ ಮೇಲಷ್ಟೇ ಭಾರ ಹಾಕಿ ನಿಧಾನವಾಗಿ ಇಳಿಯುವುದು. ಮೊಣಕಾಲು ನೇರವಾಗಿಟ್ಟು 15ರಂತೆ 3 ಸುತ್ತು, ಸ್ವಲ್ಪ ಮಡಚಿ ಇನ್ನು 3 ಸುತ್ತು, ದಿನಕ್ಕೆ ಎರಡು ಬಾರಿ, 12 ವಾರ. ನೋವು ಮೂಳೆಯಿಂದ ಕೆಲವು ಸೆಂ.ಮೀ. ಮೇಲಿದ್ದರೆ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಕೆಳಗಿಳಿಸಬಹುದು. ಮೂಳೆಗೆ ಅಂಟುವಲ್ಲೇ ಇದ್ದರೆ ಸಮನೆಲದಲ್ಲೇ ಮಾಡಿ. ಬಹಳ ಜನ ಎಡವುವುದು ಇಲ್ಲೇ. ಮೆಟ್ಟಿಲಿಂದ ಇಳಿಸಿ ಇಳಿಸಿ ನೋವು ಹೆಚ್ಚಿಸಿಕೊಳ್ಳುತ್ತಾರೆ. ಮಾಡುವಾಗ ಒಂದಿಷ್ಟು ನೋವು ಸಹಜ. ಮರುದಿನ ಬೆಳಗ್ಗೆ ಬಿಗಿತ ಹೆಚ್ಚಿದ್ದರೆ ಸುತ್ತು ಕಡಿಮೆ ಮಾಡಿ, ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

ಬೇಗ ವಾಸಿಯಾಗಲೆಂದು ಟೆಂಡನ್‌ಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೇಳಬೇಡಿ, ಹರಿಯುವ ಅಪಾಯವಿದೆ. ಸಿಪ್ರೋಫ್ಲಾಕ್ಸಸಿನ್, ಲೆವೋಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ನುಂಗುತ್ತಿರುವಾಗ ಈ ನೋವು ಶುರುವಾದರೆ ಬರೆದುಕೊಟ್ಟ ಡಾಕ್ಟರಿಗೆ ಅಂದೇ ತಿಳಿಸಿ. ಕಾಲಿನ ಹಿಂದೆ ಯಾರೋ ಹೊಡೆದಂತೆ 'ಪಟ್' ಅಂದು, ಆ ಕಾಲಲ್ಲಿ ತುದಿಗಾಲು ಎತ್ತಲಾಗದಿದ್ದರೆ ಪ್ಯಾಡು, ಎಣ್ಣೆ, ನೀವುವುದು ಯಾವುದೂ ಬೇಡ. ಅದೇ ದಿನ ಜಿಲ್ಲಾಸ್ಪತ್ರೆಯ ಮೂಳೆ ಡಾಕ್ಟರಿಗೆ ತೋರಿಸಿ.