ಘ್ರಾಣ ತರಬೇತಿಗೆ ಒದಗುವ ತೈಲದಂಗಡಿ

ವೈರಲ್ ಜ್ವರದ ನಂತರ ವಾಸನೆ ಗ್ರಹಿಸುವ ಶಕ್ತಿ ಕಳೆದುಕೊಂಡ ನಮ್ಮ ತಾಯಿಯವರಿಗೆ ವೈದ್ಯರು ಘ್ರಾಣ ತರಬೇತಿ ಸೂಚಿಸಿದಾಗ, ಅದಕ್ಕೆ ಬೇಕಾದ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ತೈಲಗಳು ನಾಲ್ಕೂ ಬೆಂಗಳೂರಿನ ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯಲ್ಲಿರುವ ಈ ಚಿಕ್ಕ ಅಂಗಡಿಯಲ್ಲಿ ದೊರೆತವು. ಬೆಳಿಗ್ಗೆ ಮತ್ತು ರಾತ್ರಿ ಒಂದೊಂದನ್ನೂ ಕೆಲವು ಸೆಕೆಂಡು ಗಮನವಿಟ್ಟು ಮೂಸುವ ಈ ಕ್ರಮವನ್ನು ಜರ್ಮನಿಯ ಥಾಮಸ್ ಹುಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು.

ನಮ್ಮ ಮೂಗಿನ ಮೇಲ್ಭಾಗದಲ್ಲಿ ವಾಸನೆಯ ಅಣುಗಳನ್ನು ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿದ್ದು (ರಿಸೆಪ್ಟರ್), ಒಂದೇ ಪರಿಮಳ ಹಲವು ಗ್ರಾಹಕಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೆರಳಿಸುತ್ತದೆ. ಆ ವಿನ್ಯಾಸವನ್ನು ಗುರುತಿಸುವ ಕೆಲಸ ಮಿದುಳಿನದು. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ನೋಟ ಮತ್ತು ಶಬ್ದಗಳ ಸಂಕೇತ ಮೊದಲು ಮಿದುಳಿನ ರವಾನೆ ಕೇಂದ್ರವಾದ ಥಲಾಮಸ್ ಹಾಯುತ್ತದೆ; ವಾಸನೆಯ ಸಂಕೇತವಾದರೋ ಮೊದಲು ಅದನ್ನು ಹಾಯದೆ, ಭಾವನೆಗೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಲವನ್ನು ನೇರವಾಗಿ ಮುಟ್ಟುತ್ತದೆ. ಲವಂಗದ ಘಾಟು ಮಸುಕಾಗಿ ತಿಳಿದ ದಿನ ತಾಯಿಯವರ ಕಣ್ಣು ತುಂಬಿದ್ದು ನನಗೆ ಅಚ್ಚರಿ ತರಲಿಲ್ಲ.

ಅಂಗಡಿಯ ಹಿರಿಯರು ಕಾಗದದ ಪಟ್ಟಿಯ ತುದಿಯನ್ನಷ್ಟೇ ತೈಲಕ್ಕೆ ಅದ್ದಿ, "ಲವಂಗದೆಣ್ಣೆ ಚರ್ಮಕ್ಕೆ ತಾಗಿಸಬೇಡೀಮ್ಮ" ಎಂದು ಎಚ್ಚರಿಸಿ ಕೊಡುತ್ತಾರೆ. ಒಳಗೆ ಎಲ್ಲ ಪರಿಮಳಗಳೂ ಬೆರೆತು ಮೂಗು ಬೇಗ ಒಗ್ಗಿಹೋಗುವುದರಿಂದ, ಪಟ್ಟಿಯನ್ನು ಹೊರಗೆ ತಂದು ಮೂಸಿ ಆರಿಸುವುದು ಒಳ್ಳೆಯದು. ಗುಲಾಬಿ ತೈಲ ನೈಸರ್ಗಿಕವೋ ಕೃತಕವೋ ಎಂದು ಸೀಸೆಯ ಮೇಲೆ ನಮೂದಿಸದಿರುವುದು ದೊಡ್ಡ ಕೊರತೆ, ಕೊಳ್ಳುವಾಗ ಕೇಳಲೇಬೇಕು.