ಪಡಸಾಲೆಯಿಂದ ಮಾಳಿಗೆಗೆ 25 ಜಿಬಿ: ಲೋಕಲ್‌ಸೆಂಡ್ ಹೇಗಿದೆ?

ಒಂದೇ ಮನೆಯ ಎರಡು ಕಂಪ್ಯೂಟರ್‌ಗಳ ನಡುವೆ ಫೈಲ್ ಸಾಗಿಸಬೇಕು, ಅಷ್ಟೇ ಕೆಲಸ ಅಂತಾದರೆ ಲೋಕಲ್‌ಸೆಂಡ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ದುಡ್ಡಿಲ್ಲ, ಜಾಹೀರಾತಿಲ್ಲ, ಅಕೌಂಟ್ ಮಾಡು ಅನ್ನುವ ಕಾಟ ಇಲ್ಲ. ಅದಕ್ಕಿಂತ ಜಾಸ್ತಿ ಬೇಕಾದವರಿಗೆ ಇದು ಸಾಲದು. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಯಕ್ಷಗಾನ ರೆಕಾರ್ಡ್ ಮಾಡೋದು ನನ್ನ ಹುಚ್ಚು. ಕುಂದಾಪುರದ ಸುತ್ತಮುತ್ತ ಸೀಸನ್ ಶುರುವಾದರೆ ಆಟಗಳಿಗೆ ಬರವಿಲ್ಲ. ಕಾಲಮಿತಿ ಆಟ ಅಂದರೂ ಮೂರೂವರೆ ಗಂಟೆ ಆಗಿಯೇ ಆಗುತ್ತದೆ. ಫುಲ್ ಎಚ್‌ಡಿಯಲ್ಲಿ ಗಂಟೆಗೆ ಏಳೆಂಟು ಜಿಬಿ, ಒಂದು ಆಟಕ್ಕೆ 25 ಜಿಬಿ. ಲ್ಯಾಪ್‌ಟಾಪ್ ಇರೋದು ಕೆಳಗೆ ಪಡಸಾಲೆಯಲ್ಲಿ, ಎಡಿಟಿಂಗ್ ಮಾಡುವ ಡೆಸ್ಕ್‌ಟಾಪ್ ಮಾಳಿಗೆಯಲ್ಲಿ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಫಾರ್ಮ್ಯಾಟಿನಲ್ಲಿ ಬರುತ್ತವೆ, 4 ಜಿಬಿ ಮೀರಿದ ಫೈಲನ್ನು ಅವು ಮುಟ್ಟೋದೇ ಇಲ್ಲ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿದರೂ ಮಿತಿ 2 ಜಿಬಿ. ಅಲ್ಲದೆ ಮೆಟ್ಟಿಲ ಮೇಲಿರುವ ಕೋಣೆಗೆ ಹೋಗಬೇಕಾದ ಫೈಲು ಯಾವುದೋ ದೇಶದ ಸರ್ವರ್ ನೋಡಿಕೊಂಡು ವಾಪಸ್ ಬರೋದು ಏನು ಚಂದ?

ಹಿಂದೆ ಇದಕ್ಕೆಲ್ಲ ಶೇರ್‌ಇಟ್, ಝೆಂಡರ್ ಇದ್ದವು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಬಂದ್ ಮಾಡಿದ 59 ಆ್ಯಪ್‌ಗಳಲ್ಲಿ ಎರಡೂ ಹೋದವು. ಆ ಜಾಗ ತುಂಬಲು ಬಂದ ಎಷ್ಟೋ ಆ್ಯಪ್‌ಗಳಲ್ಲಿ ಫೈಲಿಗಿಂತ ಜಾಹೀರಾತೇ ಜಾಸ್ತಿ ಓಡಾಡುತ್ತಿತ್ತು.

ಲೋಕಲ್‌ಸೆಂಡ್ ಓಪನ್ ಸೋರ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್, ಐಫೋನ್ ಎಲ್ಲದಕ್ಕೂ ಇದೆ. ಎರಡೂ ಕಡೆ ತೆರೆದಿಟ್ಟರೆ ಒಂದಕ್ಕೊಂದು ತಾವೇ ಗುರುತು ಹಿಡಿಯುತ್ತವೆ. ಪ್ರತಿ ಕಂಪ್ಯೂಟರಿಗೂ ಅದೇ ಒಂದು ಹೆಸರಿಡುತ್ತದೆ, ತರಕಾರಿ ಹಣ್ಣುಗಳ ಹೆಸರು. ಮನೆಯಲ್ಲಿ ಈಗಲೂ ಡೆಸ್ಕ್‌ಟಾಪಿಗೆ ‘ಪೊಟ್ಯಾಟೊ’ ಅಂತಲೇ ಕರೆಯುತ್ತಾರೆ. ಬೇಡ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಬಹುದು. ಕಳಿಸಿದಾಗ ಆ ಕಡೆಯವರು ಒಪ್ಪಿಗೆ ಒತ್ತಬೇಕು. ಆಗಷ್ಟೇ ಫೈಲ್ ಹೋಗುತ್ತದೆ. ಒಬ್ಬರೇ ಇದ್ದರೆ ಪ್ರತಿಸಲ ಮೇಲೆ ಓಡಬೇಕಲ್ವಾ? ಅದಕ್ಕೆ ಕ್ವಿಕ್ ಸೇವ್ ಅಂತ ಒಂದು ಗುಂಡಿ ಇದೆ, ಆನ್ ಮಾಡಿದರೆ ಒಪ್ಪಿಗೆ ಕೇಳದೆ ಫೈಲ್ ತೆಗೆದುಕೊಳ್ಳುತ್ತದೆ. ನಾನು ಅದನ್ನು ಡೆಸ್ಕ್‌ಟಾಪಿನಲ್ಲಿ ಮಾತ್ರ ಆನ್ ಮಾಡಿದ್ದೇನೆ. ‘ಚೌಕಿ ಪೂಜೆ’, ‘ಒಡ್ಡೋಲಗ ಭಾಗ 2’ ಅಂತ ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳು ಹಾಗೇ ಬಂದು ಕೂರುತ್ತವೆ.

ನನಗೆ ಇದು ಹಿಡಿಸಿದ್ದು ಮಳೆಗಾಲದಲ್ಲಿ. ಮರ ಬಿದ್ದು ಫೈಬರ್ ತುಂಡಾದರೆ ಇಂಟರ್ನೆಟ್ ಬರಲು ಎರಡು ಮೂರು ದಿನ ಹಿಡಿಯೋದು ನಮ್ಮ ಕಡೆ ಮಾಮೂಲು. ಆದರೆ ಇನ್ವರ್ಟರ್ ಮೇಲೆ ರೂಟರ್ ಓಡುತ್ತಿದ್ದರೆ ಸಾಕು, ಮನೆಯೊಳಗಿನ ವೈಫೈ ಇದ್ದೇ ಇರುತ್ತದೆ. ಲೋಕಲ್‌ಸೆಂಡಿಗೆ ಅಷ್ಟೇ ಬೇಕಾಗಿರೋದು.

ಸ್ಪೀಡ್ ವಿಷಯಕ್ಕೆ ಬರೋಣ. ಇದರಲ್ಲಿ ಆ್ಯಪ್‌ಗಿಂತ ಮನೆಯ ಗೋಡೆಯ ಕೈವಾಡ ದೊಡ್ಡದು. ನಮ್ಮದು ಮುರಕಲ್ಲಿನ ಹಳೇ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಜೋರಾಗಿ ಓಡುವ 5 ಗಿಗಾಹರ್ಟ್ಸ್ ವೈಫೈ ಅದನ್ನು ದಾಟುವಷ್ಟರಲ್ಲಿ ಸುಸ್ತು. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ನಿಧಾನ. ಸೆಕೆಂಡಿಗೆ 3 ಎಂಬಿ ಸಿಕ್ಕರೆ 25 ಜಿಬಿಗೆ ಎರಡು ಗಂಟೆ ಮೇಲೆ ಬೇಕು. ಇನ್ನೊಂದು ಮಾತು. ಎರಡೂ ಕಂಪ್ಯೂಟರ್ ವೈಫೈನಲ್ಲಿದ್ದರೆ ಫೈಲು ಒಂದು ಸಲ ರೂಟರಿಗೆ, ಇನ್ನೊಂದು ಸಲ ರೂಟರಿನಿಂದ ಆಚೆಗೆ, ಹೀಗೆ ಅದೇ ಗಾಳಿಯಲ್ಲಿ ಎರಡು ಸಲ ಹಾಯಬೇಕು. ಹಾಗಾಗಿ ಸ್ಪೀಡ್ ಸುಮಾರು ಅರ್ಧ. ರೂಟರನ್ನು ಪಡಸಾಲೆಯಲ್ಲೇ ಇಟ್ಟು, ಅಲ್ಲಿಂದ ಡೆಸ್ಕ್‌ಟಾಪಿಗೆ ಕೇಬಲ್ ಎಳೆಸಿದೆ. ರೂಟರಿನ ಪೋರ್ಟ್ 100 ಎಂಬಿಪಿಎಸ್‌ನದು, ಅದು ಬಿಟ್ ಲೆಕ್ಕ; ಎಂಟು ಬಿಟ್ಟಿಗೆ ಒಂದು ಬೈಟ್ ಆಗಿರೋದರಿಂದ ಸೆಕೆಂಡಿಗೆ 11 ಎಂಬಿ ಆಸುಪಾಸು ಬರುತ್ತದೆ. 25 ಜಿಬಿ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಊಟ ಮುಗಿಸಿ ಬಂದರೆ ಸರಿ. ಗಿಗಾಬಿಟ್ ಪೋರ್ಟ್ ಇದ್ದಿದ್ದರೆ ಇನ್ನೂ ಬೇಗ ಆಗುತ್ತಿತ್ತು. ಸ್ಪೀಡ್ ಸಾಲದಿದ್ದರೆ ಎನ್‌ಕ್ರಿಪ್ಷನ್ (ದಾರಿಯಲ್ಲಿ ಬೇರೆಯವರು ಫೈಲನ್ನು ಓದದಂತೆ ಗುಟ್ಟಾಗಿ ಕಳಿಸುವ ವ್ಯವಸ್ಥೆ) ತೆಗೆದು ನೋಡಿ ಅಂತ ಆ್ಯಪ್ ಮಾಡಿದವರೇ ಹೇಳುತ್ತಾರೆ. ನಾನು ತೆಗೆದಿಲ್ಲ. ವೈಫೈ ಪಾಸ್‌ವರ್ಡ್ ಅರ್ಧ ಕೇರಿಗೆ ಗೊತ್ತಿರುವ ಮನೆ ನಮ್ಮದು.

ಎರಡು ಕಂಪ್ಯೂಟರ್ ಒಂದನ್ನೊಂದು ಕಾಣದಿದ್ದರೆ ಮೊದಲು ವಿಂಡೋಸ್‌ನಲ್ಲಿ ವೈಫೈ ‘ಪಬ್ಲಿಕ್’ ಅಂತ ಇದೆಯಾ ನೋಡಿ, ‘ಪ್ರೈವೇಟ್’ ಮಾಡಿ. ಆಗಲೂ ಕಾಣದಿದ್ದರೆ ರೂಟರಿನಲ್ಲಿ ಎಪಿ ಐಸೊಲೇಷನ್, ಅಂದರೆ ಒಂದೇ ವೈಫೈನಲ್ಲಿರುವವು ಒಂದನ್ನೊಂದು ಕಾಣದಂತೆ ತಡೆಯುವ ಸೆಟ್ಟಿಂಗ್, ಆನ್ ಇರಬಹುದು. ಗೆಸ್ಟ್ ವೈಫೈನಲ್ಲಿ ಇದು ಆನ್ ಇರೋದೇ ಜಾಸ್ತಿ. ಇಂಟರ್ನೆಟ್ ಹಾಕಿಕೊಟ್ಟವರನ್ನು ಕೇಳಿದರೆ ‘ನೆಟ್ ಬರ್ತಿದೆಯಲ್ಲ ಸಾರ್’ ಅಂತಾರೆ. ರೂಟರ್ ಸೆಟ್ಟಿಂಗ್ಸ್‌ಗೆ ನೀವೇ ಹೋಗೋದು ವಾಸಿ.

ಇನ್ನು ಕೊರತೆಗಳು. ಅರ್ಧದಲ್ಲಿ ಕಡಿದರೆ ಆ ಫೈಲನ್ನು ಮೊದಲಿನಿಂದ ಕಳಿಸಬೇಕು. 8 ಜಿಬಿಯ ಫೈಲ್ ತೊಂಬತ್ತು ಪರ್ಸೆಂಟಿನಲ್ಲಿ ನಿಂತರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ದೊಡ್ಡ ರೆಕಾರ್ಡಿಂಗನ್ನು ತುಂಡು ಮಾಡಿ ಕಳಿಸುತ್ತೇನೆ, ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ನೋಡಿಕೊಳ್ಳುತ್ತೇನೆ. ಆ್ಯಪ್ ಎರಡೂ ಕಡೆ ತೆರೆದಿರಲೇಬೇಕು. ಮೇಲಿನ ಕಂಪ್ಯೂಟರಿನಲ್ಲಿರುವ ಫೈಲನ್ನು ಕೆಳಗಿಂದ ಸುಮ್ನೆ ತೆರೆದು ನೋಡ್ತೀನಿ ಅಂದರೆ ಆಗದು.

ಅದು ಬೇಕಿದ್ದರೆ ವಿಂಡೋಸಿನ ಫೋಲ್ಡರ್ ಶೇರಿಂಗ್ ಮಾಡಿಕೊಳ್ಳಿ. ಹೋಮ್‌ಗ್ರೂಪ್ ಅನ್ನುವ ಸುಲಭದ ದಾರಿಯನ್ನು 2018ರಲ್ಲಿ ವಿಂಡೋಸ್ 10ರಿಂದ ತೆಗೆದುಬಿಟ್ಟರು, ಈಗ ಒಂದೊಂದೇ ಫೋಲ್ಡರಿಗೆ ಅನುಮತಿ ಕೊಡಬೇಕು. ಇನ್ನೊಂದು ಕಂಪ್ಯೂಟರ್ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿದಾಗ ಕಂಪ್ಯೂಟರ್ ತೆರೆಯಲು ದಿನಾ ಒತ್ತುವ ಪಿನ್ ಹಾಕಬೇಡಿ, ಅದು ನಡೆಯೋದಿಲ್ಲ. ಅಕೌಂಟಿನ ನಿಜವಾದ ಪಾಸ್‌ವರ್ಡ್ ಹುಡುಕಿಟ್ಟುಕೊಂಡೇ ಆ ಕೆಲಸಕ್ಕೆ ಕೂರಿ.